ಅಕ್ಯುರೇಟ್ ಮತ್ತು ಪ್ರಿಸೈಸ್



ಇಂಗ್ಲಿಷಿನ 'ಅಕ್ಯುರೇಟ್', 'ಪ್ರಿಸೈಸ್' ಎಂಬ ಎರಡು ಪದಗಳಿಗೂ ನಾವು 'ನಿಖರ' ಎಂದುಬಿಡುತ್ತೇವೆ. ಆದರೆ ಎರಡರ ಅರ್ಥ ಒಂದೇ ಅಲ್ಲ. ಅಳತೆ ನಿಜವಾದ ಬೆಲೆಗೆ ಹತ್ತಿರವಿದ್ದರೆ ಅಕ್ಯುರೇಟ್. ಮತ್ತೆ ಮತ್ತೆ ಅಳೆದಾಗ ಬಂದ ಬೆಲೆಗಳು ಒಂದಕ್ಕೊಂದು ಹತ್ತಿರವಿದ್ದರೆ ಪ್ರಿಸೈಸ್. ಮಾತಿನಲ್ಲೂ ಅಷ್ಟೇ. 'ಬಸ್ಸು 9 ಗಂಟೆ 42 ನಿಮಿಷಕ್ಕೆ ಬರುತ್ತದೆ' ಎನ್ನುವುದು ಪ್ರಿಸೈಸ್. ಬಸ್ಸು ಹತ್ತಕ್ಕೆ ಬಂದರೆ ಆ ಮಾತು ಅಕ್ಯುರೇಟ್ ಅಲ್ಲ.

ಬಿ.ಎಸ್ಸಿ. ಓದುವಾಗ ನಾನು ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವ ಪ್ರಯೋಗ ಮಾಡಿದೆ. ಐದು ಸಲವೂ ಉತ್ತರ 958 ಸೆಂಟಿಮೀಟರಿನ ಆಸುಪಾಸು. ಹಿಗ್ಗಿಹೋದೆ. ಬರಬೇಕಾದದ್ದು 978! "ದಾರವನ್ನಷ್ಟೇ ಅಳೆದಿದ್ದೀಯಲ್ಲಯ್ಯಾ, ಕೊಕ್ಕೆ, ಗುಂಡಿನ ತ್ರಿಜ್ಯ ಯಾರು ಸೇರಿಸಬೇಕು?" ಎಂದರು ಮೇಷ್ಟ್ರು.

1990ರಲ್ಲಿ ಅಂತರಿಕ್ಷಕ್ಕೇರಿದ ಹಬಲ್ ದೂರದರ್ಶಕದ್ದೂ ಇದೇ ಕಥೆ. ಅದರ 2.4 ಮೀಟರ್ ವ್ಯಾಸದ ಕನ್ನಡಿಯನ್ನು ಬಹು ನಯವಾಗಿ ಉಜ್ಜಿದ್ದರು. ಆದರೆ ಆಕಾರ ಪರೀಕ್ಷಿಸುವ ಉಪಕರಣದಲ್ಲಿ ಮಸೂರವೊಂದು 1.3 ಮಿಲಿಮೀಟರಿನಷ್ಟು ಸರಿದಿತ್ತು. ಕನ್ನಡಿ ತಪ್ಪು ಆಕಾರಕ್ಕೆ ಕರಾರುವಾಕ್ಕಾಗಿ ಸಿದ್ಧವಾಯಿತು, ಚಿತ್ರಗಳು ಮಸುಕಾದವು. ತಪ್ಪು ಅಷ್ಟು ಕರಾರುವಾಕ್ಕಾಗಿದ್ದುದರಿಂದಲೇ ಅದನ್ನು ಲೆಕ್ಕಹಾಕಿ ಸರಿಪಡಿಸುವುದು ಸಾಧ್ಯವಾಯಿತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹಬಲ್‌ಗೆ ಒಂದು ಬಗೆಯ ಕನ್ನಡಕವನ್ನೇ ತೊಡಿಸಿ ಬಂದರು.

ಆದ್ದರಿಂದ, ಪ್ರಯೋಗಶಾಲೆಯಲ್ಲಿ ಐದೂ ಉತ್ತರಗಳು ಒಂದೇ ಬಂದರೆ ಸಾಲದು. ರೆಕಾರ್ಡ್ ಬರೆಯುವ ಮುನ್ನ ಅಳೆದ ಕ್ರಮ ಸರಿಯೇ ಎಂದು ಒಮ್ಮೆ ನೋಡಿಕೊಳ್ಳಿ.