ಎಕೋ ಆದ ಮೇಲೂ ಸ್ಕ್ಯಾನ್ ಯಾಕೆ?



ಕಳೆದ ವಾರ ಬಂದ ಫೋನ್ ಕರೆಗಳಲ್ಲಿ ಒಂದು ಮನಸ್ಸಿನಲ್ಲೇ ಉಳಿದುಬಿಟ್ಟಿದೆ. ಹುಬ್ಬಳ್ಳಿ ಕಡೆಯ ತಾಯಿ. "ಮಗಗ ಎದಿಯಾಗ ತೂತು ಐತಂತ್ರಿ. ಎರಡು ವರ್ಷದ ಕೂಸು. ಅತ್ತರ ತುಟಿ ನೀಲಿ ಆಗ್ತಾವು. ಎಕೋ ಮಾಡ್ಯಾರ, ಆಪರೇಷನ್ ಆಗಬೇಕು ಅಂದಾರ. ಈಗ ಮತ್ತ ಸಿ.ಟಿ. ಸ್ಕ್ಯಾನ್ ಅಂತಾರ. ಒಮ್ಮೆ ನೋಡಿದ್ದನ್ನ ಮತ್ತ ಯಾಕ ನೋಡಬೇಕ್ರಿ ಅಕ್ಕಾರ? ರೊಕ್ಕ ಸುಮ್ಮನ ಬರ್ತಾವೇನ್ರಿ?" ಎಂದರು. ಚೀಟಿಯಲ್ಲಿದ್ದ ಕಾಯಿಲೆಯ ಹೆಸರನ್ನೂ ಅಕ್ಷರ ಕೂಡಿಸಿ ಓದಿ ಹೇಳಿದರು: ಟೆಟ್ರಾಲಜಿ ಆಫ್ ಫ್ಯಾಲೋ.

ನಾನು ಡಾಕ್ಟರಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕಿ ಓದಿದೆ. ಅದನ್ನೇ ಇವತ್ತು ನಿಮ್ಮ ಮುಂದಿಡುತ್ತೇನೆ.

ಮೈಗೆಲ್ಲ ರಕ್ತ ಕಳಿಸುವ ಹೃದಯಕ್ಕೂ ಹೊಟ್ಟೆಯಿದೆ. ಅದಕ್ಕೆ ರಕ್ತ ಉಣಿಸುವವು ಕರೋನರಿ ರಕ್ತನಾಳಗಳು. ಮಹಾಧಮನಿಯ ಬುಡದಲ್ಲೇ ಎಡಕ್ಕೊಂದು, ಬಲಕ್ಕೊಂದು ಹುಟ್ಟುತ್ತವೆ. ಎಡಗಡೆಯದು ಕವಲೊಡೆದು, ಅದರ ಒಂದು ಕೊಂಬೆ ಹೃದಯದ ಮುಂಭಾಗದಲ್ಲಿ ಇಳಿಯುತ್ತದೆ. ಹುಟ್ಟಿನಿಂದಲೇ ಹೃದಯದ ದೋಷವಿರುವ ಮಕ್ಕಳಲ್ಲಿ ಈ ನಾಳಗಳೂ ಕೆಲವೊಮ್ಮೆ ದಾರಿ ತಪ್ಪಿರುತ್ತವೆ.

ಫ್ರಾನ್ಸಿನ ವೈದ್ಯ ಫ್ಯಾಲೋ 1888ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ ನಾಲ್ಕು ದೋಷಗಳಿವೆ. ಕೆಳಗಿನ ಎರಡು ಕೋಣೆಗಳ ನಡುವೆ ತೂತು. ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟು. ಮಹಾಧಮನಿ ತೂತಿನ ಮೇಲೆಯೇ ಕೂತಿರುವುದು. ಬಲಕೋಣೆಯ ಗೋಡೆ ದಪ್ಪವಾಗಿರುವುದು. ಆಪರೇಷನ್ನಿನಲ್ಲಿ ತೂತು ಮುಚ್ಚಿ, ಆ ಇಕ್ಕಟ್ಟು ದಾರಿಯನ್ನು ಅಗಲ ಮಾಡುತ್ತಾರೆ. ಅದಕ್ಕಾಗಿ ಎಷ್ಟೋ ಸಲ ಬಲಕೋಣೆಯ ಮುಂಭಾಗಕ್ಕೆ ಕತ್ತರಿ ಹಾಕಬೇಕಾಗುತ್ತದೆ.

ಅಪಾಯ ಇರುವುದು ಇಲ್ಲೇ. ಇಂಥ ಮಕ್ಕಳಲ್ಲಿ ಕೆಲವರಿಗೆ ಆ ಮುಂಭಾಗದ ನಾಳ ಎಡಗಡೆಯ ಬದಲು ಬಲಗಡೆ ಹುಟ್ಟಿ, ಕತ್ತರಿ ಬೀಳುವ ಜಾಗದ ಮೇಲೇ ಅಡ್ಡಹಾಯ್ದಿರುತ್ತದೆ. ಅದು ತುಂಡಾದರೆ ಹೃದಯದ ಮುಂದಿನ ಸ್ನಾಯುವಿಗೆ ರಕ್ತವೇ ಇಲ್ಲ. ಮೊದಲೇ ಗೊತ್ತಿದ್ದರೆ ಸರ್ಜನ್ ಬೇರೆ ಜಾಗದಲ್ಲಿ ಕತ್ತರಿಸುತ್ತಾರೆ, ಇಲ್ಲವೇ ಒಂದು ಕೊಳವೆ ಜೋಡಿಸಿ ಬಳಸು ದಾರಿ ಮಾಡುತ್ತಾರೆ.

ಹಾಗಾದರೆ ಎಕೋದಲ್ಲಿ ಇದು ಕಾಣುವುದಿಲ್ಲವೇ? ಎಷ್ಟೋ ಸಲ ಕಾಣುತ್ತದೆ. ಸ್ಪಷ್ಟವಾಗಿ ಕಂಡರೆ ಅಷ್ಟೇ ಸಾಕಾಗಲೂಬಹುದು. ಎಕೋ ಶಬ್ದದ ಅಲೆಗಳಿಂದ ನೋಡುವ ವಿಧಾನ. 1953ರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್ ಆರಂಭಿಸಿದ್ದು. ಅದರಲ್ಲಿ ವಿಕಿರಣವಿಲ್ಲ. ಆದರೆ ಕೂಸಿನ ಕರೋನರಿ ನಾಳ ಎರಡು ಮಿಲಿಮೀಟರಿನ ಆಸುಪಾಸು. ಪಕ್ಕೆಲುಬು, ಶ್ವಾಸಕೋಶದ ಗಾಳಿ ಅಡ್ಡಬರುತ್ತವೆ. ಹುಟ್ಟುವ ಜಾಗ ಕಂಡರೂ ಅದು ಹರಿದುಹೋಗುವ ದಾರಿ ಪೂರ್ತಿ ಕಾಣದೆ ಹೋಗಬಹುದು.

ಸಿ.ಟಿ.ಯಲ್ಲಿ ರಕ್ತನಾಳಕ್ಕೆ ಔಷಧಿ ಬಿಟ್ಟು, ಕೆಲವೇ ಸೆಕೆಂಡುಗಳಲ್ಲಿ ಚಿತ್ರ ತೆಗೆಯುತ್ತಾರೆ. ನಾಳದ ದಾರಿಯನ್ನು ಎಲ್ಲ ಮಗ್ಗುಲಿನಿಂದಲೂ ತಿರುಗಿಸಿ ನೋಡಬಹುದು. ವಿಕಿರಣವಿದೆ ನಿಜ, ಮಕ್ಕಳಿಗೆ ಅದನ್ನು ಆದಷ್ಟು ಕಡಿಮೆ ಮಾಡುತ್ತಾರೆ. ಎಂ.ಆರ್.ಐ.ನಲ್ಲಿ ವಿಕಿರಣವಿಲ್ಲ, ಆದರೆ ಹೊತ್ತು ಹಿಡಿಯುತ್ತದೆ. ಚಿಕ್ಕ ಮಕ್ಕಳನ್ನು ಸಾಮಾನ್ಯವಾಗಿ ನಿದ್ದೆಗೆಡವಬೇಕು. ಇನ್ನೊಂದು, ತೊಡೆಸಂದಿಯಿಂದ ಸಣ್ಣ ಕೊಳವೆ ತೂರಿಸುವ ಆಂಜಿಯೋಗ್ರಾಂ. 1958ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಡಾ. ಮೇಸನ್ ಸೋನ್ಸ್ ಪರೀಕ್ಷೆ ಮಾಡುತ್ತಿದ್ದಾಗ ಔಷಧಿ ಆಕಸ್ಮಿಕವಾಗಿ ರೋಗಿಯ ಬಲ ಕರೋನರಿಗೇ ಹೋಯಿತು. ರೋಗಿ ಬದುಕಿಕೊಂಡರು, ಕರೋನರಿ ಆಂಜಿಯೋಗ್ರಾಂಗೆ ದಾರಿ ತೆರೆಯಿತು! ಒಳಗಿನ ಒತ್ತಡ ಅಳೆಯಬೇಕಾದಾಗ ಇಂದಿಗೂ ಕೊಳವೆಯ ವಿಧಾನವೇ ಬೇಕು.

ಆದ್ದರಿಂದ ಸ್ಕ್ಯಾನ್ ಎಂದೊಡನೆ ಸಿಟ್ಟಾಗಬೇಡಿ, ಸುಮ್ಮನೆ ತಲೆಯಾಡಿಸಲೂ ಬೇಡಿ. ಕೇಳಿ: "ಎಕೋದಲ್ಲಿ ಯಾವುದು ಕಾಣಲಿಲ್ಲ? ಇದರಿಂದ ಆಪರೇಷನ್ ವಿಧಾನ ಬದಲಾಗಬಹುದೇ?" ಅಲರ್ಜಿ, ಮೂತ್ರಪಿಂಡದ ತೊಂದರೆ ಇದ್ದರೆ ನೀವೇ ಮೊದಲು ಹೇಳಿ.

ಇನ್ನೊಂದು ಮಾತು. ನಮ್ಮದು ಇಂದು ಮುಂಬಯಿ, ನಾಳೆ ಪುಣೆ, ನಾಡಿದ್ದು ಹೈದರಾಬಾದ್ ಎನ್ನುವ ಬದುಕು. ಮನೆ ಬದಲಿಸುವಾಗ ಪಾತ್ರೆಗಳ ಜೊತೆ ಆ ಸಿ.ಡಿ., ಆಪರೇಷನ್ ವರದಿಯನ್ನೂ ಜೋಪಾನವಾಗಿ ಒಯ್ಯಿರಿ. ಬಾಲ್ಯದಲ್ಲಿ ಈ ಆಪರೇಷನ್ ಆದವರಲ್ಲಿ ಹಲವರಿಗೆ ದೊಡ್ಡವರಾದ ಮೇಲೆ ಶ್ವಾಸಕೋಶದ ದಾರಿಯ ಕವಾಟ ಹೊಸದಾಗಿ ಹಾಕಬೇಕಾಗುತ್ತದೆ. ಕೊಳವೆಯ ಮೂಲಕ ಕವಾಟ ಕೂರಿಸುವಾಗ ಪಕ್ಕದ ಕರೋನರಿ ಅದುಮಿಹೋಗದಂತೆ ಮತ್ತೆ ನೋಡಲೇಬೇಕು. ಆಗ ಹಳೆಯ ಚಿತ್ರ ತುಂಬಾ ಉಪಯೋಗಕ್ಕೆ ಬರುತ್ತದೆ.

ಆ ತಾಯಿ ಇವತ್ತೂ ರೇಡಿಯೋ ಹಾಕಿರಬಹುದು. ಅಕ್ಕಾ, ಎಕೋದವರು ನೋಡಿದ್ದು ತೂತನ್ನು. ಈಗ ನೋಡಬೇಕಾಗಿರುವುದು ಕತ್ತರಿ ಬೀಳುವ ಜಾಗವನ್ನು. ಡಾಕ್ಟರನ್ನು ಒಂದು ಮಾತು ಕೇಳಿ, ನಿಮ್ಮ ಕೂಸಿನ ಚಿತ್ರವನ್ನು ಅವರೇ ತೋರಿಸಿ ಹೇಳಲಿ.