ಎರಡು ಕಂಪ್ಯೂಟರ್, ಒಂದೇ ಕೇಬಲ್
(ಆಡೂರಿನಲ್ಲಿ ಮಾಡಿದ ಭಾಷಣ)



ಮನೆಗೆ ಹೊಸ ಕಂಪ್ಯೂಟರ್ ಬಂದಿದೆ. ಭತ್ತ, ಗೋವಿನಜೋಳ ಮಾರಿದ ಲೆಕ್ಕವೆಲ್ಲ ಹಳೆಯದರಲ್ಲಿದೆ. ಅದೋ ಇಂದು ನಾಳೆ ಎನ್ನುತ್ತಿದೆ. ಎರಡಕ್ಕೂ ಈಥರ್‌ನೆಟ್ ಕೇಬಲ್ ಜೋಡಿಸಿ ಲೆಕ್ಕವನ್ನು ಸಾಗಿಸಬಹುದು. ಇಂಟರ್‌ನೆಟ್ ಬೇಕಿಲ್ಲ.

ಜೋಡಿಸಿದರೂ ಒಂದಕ್ಕೊಂದು ಕಾಣದಿದ್ದರೆ, ಕೇಬಲ್ ಸಿಕ್ಕಿಸುವಲ್ಲಿರುವ ಸಣ್ಣ ದೀಪ ನೋಡಿರಿ. ಅದು ಹತ್ತದಿದ್ದರೆ ಮೊದಲು ಬೇರೆ ಕೇಬಲ್ ಹಾಕಿರಿ. ಎರಡೂ ತೀರ ಹಳೆಯ ಯಂತ್ರಗಳಾದರೆ ಕ್ರಾಸ್‌ಓವರ್ ಕೇಬಲ್ಲೇ ಆಗಬೇಕು: ಒಂದರ ಕಳಿಸುವ ತಂತಿ ಇನ್ನೊಂದರ ಪಡೆಯುವ ತಂತಿಗೆ ಸೇರಬೇಕಲ್ಲ! ಈಚಿನ ಯಂತ್ರಗಳು ಇದನ್ನು ತಾವೇ ಸರಿಪಡಿಸಿಕೊಳ್ಳುತ್ತವೆ.

ದೀಪ ಹತ್ತಿತೇ? ಇನ್ನು ವಿಳಾಸ. ವಿಳಾಸವಿಲ್ಲದ ಕಾಗದವನ್ನು ಅಂಚೆಯವನು ಯಾರಿಗೆ ಮುಟ್ಟಿಸಿಯಾನು? ವೈಫೈ ಬಂದ್ ಮಾಡಿ, ಹಳೆಯದಕ್ಕೆ 192.168.50.1, ಹೊಸದಕ್ಕೆ 192.168.50.2, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0 ಕೊಡಿರಿ. ಹೊಸದರಿಂದ ಹಳೆಯದಕ್ಕೆ ‘ಪಿಂಗ್’ ಮಾಡಿ ನೋಡಿರಿ. ಉತ್ತರ ಬಾರದಿದ್ದರೆ ಹೆಚ್ಚಾಗಿ ಫೈರ್‌ವಾಲ್ ಎಂಬ ಕಾವಲುಗಾರನ ತಡೆ. ಅವನನ್ನು ಪೂರ್ತಿ ತೆಗೆಯಬೇಡಿರಿ. ಫೈಲ್ ಹಂಚಿಕೆಗೆ ಮಾತ್ರ ಅಪ್ಪಣೆ ಕೊಡಿರಿ. ಹಳೆಯದರ ಖಾತೆಗೆ ಪಾಸ್‌ವರ್ಡ್ ಇಲ್ಲದಿದ್ದರೆ ಒಂದನ್ನು ಇಡಿರಿ. ಇಲ್ಲವಾದರೆ ವಿಂಡೋಸ್ ಸಾಮಾನ್ಯವಾಗಿ ಒಳಗೆ ಬಿಡದು.

ಹೊಸದರಲ್ಲಿ ಲೆಕ್ಕ ತೆರೆದು ಕಣ್ಣಾರೆ ನೋಡುವವರೆಗೆ ಹಳೆಯದನ್ನು ಗುಜರಿಗೆ ಕೊಡಬೇಡಿರಿ. ಅದು 2001ರ ವಿಂಡೋಸ್ ಎಕ್ಸ್‌ಪಿ ಕಾಲದ್ದಾದರೆ, ಅದರ ಹಂಚಿಕೆಯ ಹಳೆಯ ರೀತಿಯನ್ನು ಇಂದಿನ ಯಂತ್ರ ಸಾಮಾನ್ಯವಾಗಿ ಒಪ್ಪುವುದಿಲ್ಲ. ಆಗ ಕೇಬಲಿಗೆ ಗುದ್ದಾಡದೆ ಪೆನ್‌ಡ್ರೈವ್ ಹಿಡಿಯಿರಿ.