ಆಸ್ಪತ್ರೆ ಬದಲಾಗುವ ಮುಂಚೆ ಊರನ್ನು ಕೇಳಿ



ಈ ಉಪನ್ಯಾಸ ಮಾಲೆಯಲ್ಲಿ ಇಂದು ನನ್ನ ಪಾಲಿಗೆ ಬಂದಿರುವುದು ನಮ್ಮ ಸರ್ಕಾರಿ ಆಸ್ಪತ್ರೆಗಳ ವಿಷಯ. ಅಲ್ಲಿ ಏನೇನು ಇಲ್ಲ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ, ನನಗಿಂತ ಚೆನ್ನಾಗಿ ನಿಮಗೇ ಗೊತ್ತು. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಆಸ್ಪತ್ರೆಯ ಸಮಯವೋ ಜಾಗವೋ ಸೌಲಭ್ಯವೋ ಏನೇ ಬದಲಾಗುವುದಿದ್ದರೂ ಮೊದಲು ಅಲ್ಲಿಗೆ ಬರುವ ರೋಗಿಗಳನ್ನು, ಅವರ ಮನೆಯವರನ್ನು ಕೇಳಬೇಕು. ಆದೇಶ ಹೊರಟ ಮೇಲೆ ಸಭೆ ಕರೆದರೆ ಅದು ಬರೀ ತಿಳಿಸುವುದಾಯಿತು, ಕೇಳಿದಂತಾಗಲಿಲ್ಲ.

ಕೇಳುವ ರೂಢಿ ನಮ್ಮಲ್ಲಿ ಹಳೆಯದಲ್ಲ. 1902ರಲ್ಲಿ ಇದೇ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ನಾಡಿಗೆ ಅದು ಹೆಮ್ಮೆ, ನನಗೂ ಹೆಮ್ಮೆ. ಆದರೆ ತೀರ್ಮಾನವೆಲ್ಲ ಮೇಲಿನವರದು. ಮುಂದೆ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವು ಪಡೆದು ಮೈಸೂರು ಸಂಸ್ಥಾನ ಮಂಡ್ಯದ ಸೀಮೆಯಲ್ಲಿ ಮಲೇರಿಯಾ ತಡೆಯುವ ಕೆಲಸಕ್ಕೆ ಕೈಹಾಕಿದಾಗಲೂ ಜನ ಕೊಟ್ಟದ್ದನ್ನು ಪಡೆಯುವವರಾಗಿಯೇ ಉಳಿದರು. ಜನರಿಗೆ ತಮ್ಮ ಆರೋಗ್ಯ ಸೇವೆಯ ಯೋಜನೆಯಲ್ಲಿ ಪಾಲ್ಗೊಳ್ಳುವ ಹಕ್ಕಿದೆ ಎಂದು ಲೋಕದ ಸರ್ಕಾರಗಳು ಸೇರಿ ಒಪ್ಪಿಕೊಂಡದ್ದೇ 1978ರಲ್ಲಿ, ಆಲ್ಮಾ ಆಟಾ ಎಂಬ ಊರಿನ ಸಮ್ಮೇಳನದಲ್ಲಿ.

ನಮ್ಮಲ್ಲಿ ಅದಕ್ಕೊಂದು ಕಟ್ಟುಪಾಡು ಬಂದದ್ದು 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ. ಆಶಾ ಕಾರ್ಯಕರ್ತೆಯರು ಬಂದರು, ಆಸ್ಪತ್ರೆಗೊಂದು ಆರೋಗ್ಯ ರಕ್ಷಾ ಸಮಿತಿ ಬಂತು, ಹಳ್ಳಿಗೊಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಬಂತು. ಹಳ್ಳಿಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ. ಏತಕ್ಕೆ ಖರ್ಚು ಮಾಡಬೇಕು ಎಂದು ಊರೇ ಕೂತು ನಿರ್ಧರಿಸಲಿ ಎಂಬುದು ಉದ್ದೇಶ. ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಹೆಂಗಸರು ಇರಬೇಕು ಎಂದೂ ಮಾರ್ಗಸೂಚಿ ಹೇಳುತ್ತದೆ. ಆದರೆ ಎಷ್ಟೋ ಕಡೆ ಸಭೆ ಸೇರುವುದಿಲ್ಲ. ನಡಾವಳಿ ಪುಸ್ತಕವೇ ಮನೆಯಿಂದ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ತಾನು ಸದಸ್ಯೆ ಎಂಬುದು ಸಹಿ ಹಾಕಿದಾಕೆಗೇ ಗೊತ್ತಿರುವುದಿಲ್ಲ. ಹೀಗೇಕೆ ಎಂದು ಪುಸ್ತಕ ತರುವ ಆಶಾ ಅಕ್ಕನನ್ನು ದೂರುವುದು ಸುಲಭ, ಆದರೆ ಅದು ಸರಿಯಲ್ಲ. ಕರೆದರೆ ನಾವು ಹೋಗುತ್ತೇವೆಯೇ?

ಸಭೆ ಚೆನ್ನಾಗಿ ನಡೆದರೆ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಕಾವೇರಿ ಹೊಳೆಯ ಆಚೆ ದಡದ ಚಾಮರಾಜನಗರ ಜಿಲ್ಲೆಯಲ್ಲೇ ಆಗಿದೆ. 2007ರಿಂದ 2009ರವರೆಗೆ ದೇಶದ ಒಂಬತ್ತು ರಾಜ್ಯಗಳಲ್ಲಿ ಸಮುದಾಯ ಉಸ್ತುವಾರಿಯ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಚಾಮರಾಜನಗರ, ತುಮಕೂರು, ಗದಗ, ರಾಯಚೂರು ಜಿಲ್ಲೆಗಳನ್ನು. ಜಿಲ್ಲೆಗೆ ಮೂರು ತಾಲ್ಲೂಕು, ತಾಲ್ಲೂಕಿಗೆ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರ, ಒಂದೊಂದು ಕೇಂದ್ರದಡಿ ಐದು ಹಳ್ಳಿ ಎಂಬ ಲೆಕ್ಕ. ಊರಿನವರೇ ಗುಂಪಾಗಿ ಕೂತು ಪ್ರಶ್ನೆಗಳಿಗೆ ಉತ್ತರ ತುಂಬಿದರು. ನರ್ಸಮ್ಮ ಮನೆಗೆ ಬಂದರೇ? ಬಸುರಿಯ ತೂಕ, ರಕ್ತದೊತ್ತಡ ನೋಡಿದರೇ? ಔಷಧಿ ಹೊರಗಿನ ಅಂಗಡಿಗೆ ಬರೆದುಕೊಟ್ಟರೇ? ದುಡ್ಡು ಕೇಳಿದರೇ? ಬಂದ ಉತ್ತರಗಳನ್ನು ನೂರಕ್ಕೆ ಇಷ್ಟು ಎಂದು ಅಳೆದು, 75 ಮುಟ್ಟಿದರೆ ಹಸಿರು, 50ಕ್ಕಿಂತ ಕೆಳಗಿದ್ದರೆ ಕೆಂಪು, ನಡುವಿನದಕ್ಕೆ ಹಳದಿ ಬಣ್ಣ ಹಚ್ಚಿದರು. ಓದು ಬಾರದ ಅಜ್ಜಿಯೂ ಆ ಹಾಳೆ ನೋಡಿ ತನ್ನೂರಿನ ಸ್ಥಿತಿ ಹೇಳಬಹುದಿತ್ತು. ಆಮೇಲೆ ಜನ ಸಂವಾದ. ವೈದ್ಯಾಧಿಕಾರಿಗಳ ಎದುರಿಗೇ ಆ ಹಾಳೆ ಬಿಚ್ಚಿಡುವುದು. ವೈದ್ಯರಿಗೆ ಅದರಿಂದ ಮುಜುಗರವಾಗುವುದು ಸಹಜ. ಆದರೆ ಸಿಬ್ಬಂದಿ ಇಲ್ಲ, ಔಷಧಿ ಸಾಲದು ಎಂಬ ತಮ್ಮ ಕಷ್ಟ ಹೇಳಿಕೊಳ್ಳಲು ಅವರಿಗೂ ಅದೇ ಜಾಗ. ಪ್ರಯೋಗದ ಹಂತ ಮುಗಿದ ಮೇಲೆ ಮಹಾರಾಷ್ಟ್ರ ಅದನ್ನು ವರ್ಷಗಟ್ಟಲೆ ಮುಂದುವರಿಸಿತು. ನಮ್ಮ ಮಂಡ್ಯದಲ್ಲಿ ಅದು ಬೇರೂರಿದ್ದನ್ನು ನಾನು ಕಾಣೆ. ನನಗೆ ಬಹಳ ಬೇಸರ ತರುವ ಸಂಗತಿ ಇದು.

ಕೇಳಿದರೆ ಏನು ತಿಳಿಯುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆಯೂ ಆ ದಡದಲ್ಲೇ ಇದೆ. ಕೊಳ್ಳೇಗಾಲ ದಾಟಿದರೆ ಯಳಂದೂರು. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1986ರಲ್ಲಿ ಕುಷ್ಠರೋಗದ ಕೆಲಸ ಶುರುಮಾಡಿದ್ದು, 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಹಿಸಿಕೊಂಡದ್ದು ಆ ತಾಲ್ಲೂಕಿನಲ್ಲಿ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಹಳ್ಳಿಗಳಲ್ಲಿ ಮೂರ್ಛೆ ರೋಗದ ಬಗ್ಗೆ ಅಧ್ಯಯನ ಮಾಡಿದ್ದೂ ಅಲ್ಲೇ. ನಮ್ಮ ಸೀಮೆಯಲ್ಲಿ ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಮೂರ್ಛೆಯೊಂದು ಇದೆ. ಬೇರೆ ದೇಶಗಳಲ್ಲಿ ಅದು ಅಪರೂಪ. ಹಂಡೆಯಿಂದ ಮೊಗೆಮೊಗೆದು ತಲೆಗೆ ಹುಯ್ಯುವ ನಮ್ಮ ಸ್ನಾನ ಹೊರಗಿನವರಿಗೆ ಹೇಗೆ ತಿಳಿಯಬೇಕು? ಎಷ್ಟು ಬಿಸಿಗೆ, ಎಷ್ಟನೆಯ ಚೊಂಬಿಗೆ ಮಗು ಬಿಗಿದುಕೊಂಡಿತು ಎಂದು ಹೇಳಬಲ್ಲವಳು ನೀರು ಹುಯ್ದ ತಾಯಿ. ಅವಳನ್ನು ಕೂರಿಸಿ ಕೇಳಿದರೆ ಚಿಕಿತ್ಸೆ ಅರ್ಧ ಆದ ಹಾಗೆ. ಸೇವೆಯ ವಿಚಾರದಲ್ಲೂ ಅಂಥ ತಿಳಿವಳಿಕೆ ಊರಿನಲ್ಲಿದೆ ಎಂದು ನಾನು ನಂಬುತ್ತೇನೆ.

ಜನರನ್ನು ಕೇಳುವ ಈ ರೂಢಿಯನ್ನು ಬ್ರೆಜಿಲ್ ಕಾನೂನಿಗೇ ತಂದಿದೆ. 1990ರ ಕಾಯ್ದೆಯಂತೆ ಅಲ್ಲಿ ಪ್ರತಿ ಪುರಸಭೆಯಲ್ಲೂ ಆರೋಗ್ಯ ಮಂಡಳಿ ಇರಬೇಕು, ಅದರ ಅರ್ಧ ಸ್ಥಾನ ಸೇವೆ ಪಡೆಯುವ ಜನರಿಗೆ. ಮಂಡಳಿ ಇಲ್ಲದ ಊರಿಗೆ ಕೇಂದ್ರದಿಂದ ಆರೋಗ್ಯದ ಹಣ ನೇರವಾಗಿ ಬರುವುದಿಲ್ಲ.

ಇನ್ನು ನಮ್ಮೂರಿಗೆ, ಶಿವನಸಮುದ್ರದ ಬ್ಲಫ್‌ಗೆ ಬರೋಣ. ಬ್ಲಫ್‌ನವರಿಗೆ ತಾಲ್ಲೂಕು ಮಳವಳ್ಳಿ, ಜಿಲ್ಲೆ ಮಂಡ್ಯ. ಆದರೆ ನಡುರಾತ್ರಿ ಹೆರಿಗೆ ನೋವು ಬಂದರೆ ಹತ್ತಿರವಾಗುವುದು ಕೊಳ್ಳೇಗಾಲ. ಅದು ಚಾಮರಾಜನಗರ ಜಿಲ್ಲೆ. ಬಸುರಿಗೆ ಕೊಡುವ ತಾಯಿ ಕಾರ್ಡ್ ಈ ಕಡೆಯದು, ಹೆರಿಗೆ ಆ ಕಡೆ. ಬಾಣಂತಿ ಮನೆಗೆ ಬಂದ ಸುದ್ದಿಯನ್ನು ಈ ದಡದ ಆಶಾಗೆ ಯಾರು ಮುಟ್ಟಿಸುತ್ತಾರೆ? ಎರಡು ಜಿಲ್ಲೆಯ ಅಧಿಕಾರಿಗಳು ಒಂದೇ ಮೇಜಿನ ಮುಂದೆ ಕೂರದೆ ಇದು ಬಗೆಹರಿಯದು, ಅವರನ್ನು ಕೂರಿಸಬೇಕಾದವರು ನಾವು. ಆಸ್ಪತ್ರೆಯ ವೇಳೆಯ ತೊಡಕೂ ಇದೆ. ನಾಟಿಗೆ, ಕಬ್ಬು ಕಡಿಯಲು ಹೋದವರು ಮನೆ ಸೇರುವಷ್ಟರಲ್ಲಿ ಹೊರರೋಗಿ ವಿಭಾಗದ ಬಾಗಿಲು ಹಾಕಿರುತ್ತದೆ. ಜಲಪಾತದ ಬಳಿ ವ್ಯಾಪಾರ ಮಾಡುವವರಿಗೆ ಭಾನುವಾರವೇ ದುಡಿಮೆಯ ದಿನ. ವೇಳಾಪಟ್ಟಿ ಬರೆಯುವ ಮುಂಚೆ ಇವರನ್ನು ಕೇಳಿದ್ದರೆ ಬೇರೆಯದೇ ವೇಳೆ ಗೊತ್ತಾಗುತ್ತಿತ್ತೋ ಏನೋ.

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಲೇಬೇಕು ಎಂದು ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲಿದೆ. ಮುಂದಿನ ಸಭೆಯಲ್ಲಿ ಮನೆ, ಚರಂಡಿಯ ಮಾತು ಮುಗಿದ ಮೇಲೆ ಎದ್ದುಬಿಡಬೇಡಿ. ಆರೋಗ್ಯ ಸಮಿತಿಯ ಸದಸ್ಯರ ಹೆಸರು ಓದಿಸಿ, ಮುಕ್ತ ನಿಧಿಯ ಲೆಕ್ಕ ಕೇಳಿ, ಕೊಳ್ಳೇಗಾಲ ಮಳವಳ್ಳಿಯ ಜಂಟಿ ಸಭೆಗೆ ಠರಾವು ಬರೆಸಿ. ಅದನ್ನು ಹೆಣ್ಣುಮಕ್ಕಳೇ ಮಂಡಿಸಲಿ. ಬರಹದಲ್ಲಿ ನೆರವು ಬೇಕಿದ್ದರೆ ಕೇಳಿ, ನಾನು ಬರೆದುಕೊಡುತ್ತೇನೆ.